ನೆರಳುಗಳ ನಿಕ್ಷೇಪ

ಮನುಷ್ಯದೇಹವು ಸ್ಕ್ಯಾನಿಂಗ್ ಯಂತ್ರದೊಳಗೆ ಇರುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಹುಟ್ಟಿದ ಚಿತ್ರವಾದರೋ, ರೋಗಿಯು ಗುಣಹೊಂದಿ ಮನೆ ಸೇರಿದ ಮೇಲೆಯೂ, ಅದನ್ನು ಓದಿ ಹೇಳಿದ ವೈದ್ಯರು ನಿವೃತ್ತರಾದ ಮೇಲೆಯೂ, ಕಡೆಗೆ ಆ ಯಂತ್ರವೇ ಗುಜರಿಗೆ ಸಂದ ಮೇಲೆಯೂ ಎಲ್ಲಿಯೋ ಒಂದೆಡೆ ಕ್ಷೇಮವಾಗಿ ಉಳಿದಿರಬೇಕಾಗುತ್ತದೆ. ಶ್ವಾಸಕೋಶದಲ್ಲಿ ಐದು ವರ್ಷದ ಹಿಂದೆ ಕಂಡ ಸಣ್ಣದೊಂದು ಗಂಟು ಇಂದಿಗೂ ಅಷ್ಟೇ ಇದೆಯೋ, ಅಲ್ಲ, ಸದ್ದಿಲ್ಲದೆ ಬೆಳೆದಿದೆಯೋ ಎಂಬುದನ್ನು ನಿರ್ಣಯಿಸಲು ಹಳೆಯ ಚಿತ್ರವಲ್ಲದೆ ಅನ್ಯ ಸಾಕ್ಷಿಯಿಲ್ಲ. ಈ ಸಾಕ್ಷಿಯನ್ನು ಆಸ್ಪತ್ರೆಯು ತನ್ನದೇ ಕೋಣೆಯಲ್ಲಿ, ತನ್ನದೇ ಸರ್ವರಿನಲ್ಲಿ ಇಟ್ಟುಕೊಳ್ಳತಕ್ಕದ್ದೋ, ಅಥವಾ ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಇರುವ ಕ್ಲೌಡ್ ಸಂಸ್ಥೆಯೊಂದರ ವಶಕ್ಕೆ ಬಾಡಿಗೆಯ ಮೇಲೆ ಒಪ್ಪಿಸತಕ್ಕದ್ದೋ ಎಂಬುದು ಈ ಅಧ್ಯಾಯದ ವಿಚಾರ. ಪ್ರಶ್ನೆಯನ್ನು ಎಲ್ಲಿ ಕುಳಿತು ಕೇಳಿದರೂ ಆದೀತು. ಆದರೆ ಉಡುಪಿ ಜಿಲ್ಲೆಯಲ್ಲಿ ಕುಳಿತು ಕೇಳುವುದರಲ್ಲಿ ಒಂದು ವಿಶೇಷ ಸೌಕರ್ಯವಿದೆ. ಮಣಿಪಾಲದ ಬೃಹತ್ ಬೋಧನಾ ಆಸ್ಪತ್ರೆ, ಅಜ್ಜರಕಾಡಿನ ಸರಕಾರಿ ಆಸ್ಪತ್ರೆ, ಕಾರ್ಕಳದ ಮಧ್ಯಮ ಗಾತ್ರದ ಆಸ್ಪತ್ರೆಗಳು, ಕಾಪುವಿನಂಥ ಹೆದ್ದಾರಿಯೂರಿನ ಪುಟ್ಟ ಕ್ಲಿನಿಕ್ಕುಗಳು ಇವೆಲ್ಲವೂ ಒಂದು ಗಂಟೆಯ ಬಸ್ ಪ್ರಯಾಣದ ಅಂತರದೊಳಗೆ ದೊರೆಯುವುದರಿಂದ, ಒಂದೇ ಪ್ರಶ್ನೆಗೆ ಗಾತ್ರಕ್ಕೆ ತಕ್ಕಂತೆ ಉತ್ತರವು ಹೇಗೆ ಬದಲಾಗುವುದೆಂಬುದನ್ನು ಇಲ್ಲಿ ಪ್ರತ್ಯಕ್ಷವಾಗಿ ಪರಿಶೀಲಿಸಬಹುದು.

ಡಾ. ಟಿ.ಎಂ.ಎ. ಪೈಯವರು ಮಣಿಪಾಲದ ಬೋಳುಗುಡ್ಡದ ಮೇಲೆ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದಾಗ ಅಲ್ಲಿ ಹೇಳಿಕೊಳ್ಳುವಂಥ ಆಸ್ಪತ್ರೆಯೇ ಇರಲಿಲ್ಲ. ವಿದ್ಯಾರ್ಥಿಗಳು ರೋಗಿಗಳನ್ನು ಕಂಡು ಕಲಿಯಲು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಹೋಗಬೇಕಾಗಿತ್ತು. ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆ ತೆರೆದುದು 1961ರಲ್ಲಿ. ಇಂದು ಎರಡು ಸಾವಿರಕ್ಕೂ ಮಿಕ್ಕ ಹಾಸಿಗೆಗಳುಳ್ಳ ಆ ಆಸ್ಪತ್ರೆಗೆ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡಗಳಿಂದಲೂ ರೋಗಿಗಳು ಬರುತ್ತಾರೆ. ಬರುವಾಗ ಕಂಕುಳಲ್ಲಿ ಫಿಲ್ಮುಗಳ ದೊಡ್ಡ ಲಕೋಟೆಯೊಂದನ್ನು ಅವಚಿಕೊಂಡೇ ಬರುತ್ತಾರೆ. ಅನೇಕ ದಶಕಗಳ ಕಾಲ ನಮ್ಮ ನಾಡಿನಲ್ಲಿ ವೈದ್ಯಕೀಯ ಚಿತ್ರಗಳ ನಿಜವಾದ ಭಂಡಾರವೆಂದರೆ ರೋಗಿಯ ಮನೆಯ ಅಟ್ಟ, ಕಪಾಟಿನ ಮೇಲ್ಭಾಗ ಮತ್ತು ಹಾಸಿಗೆಯ ಅಡಿ. ಮಳೆಗಾಲದ ನಾಲ್ಕು ತಿಂಗಳು ಗೋಡೆಯೇ ಬೆವರುವ ಈ ಕರಾವಳಿಯಲ್ಲಿ ಫಿಲ್ಮಿನ ಮೇಲಿನ ಜೆಲಟಿನ್ ಲೇಪಕ್ಕೆ ಬೂಸ್ಟು ಹಿಡಿಯುವುದೂ, ಎರಡು ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಬಿಡಿಸಹೋದಾಗ ಶ್ವಾಸಕೋಶದ ಅರ್ಧ ಕಿತ್ತುಬರುವುದೂ ಸಾಮಾನ್ಯವಾದ ಸಂಗತಿಯಾಗಿದ್ದಿತು.

ಫಿಲ್ಮಿನ ಕಾಲದಲ್ಲಿ ಸಂಗ್ರಹವು ನಿರಪಾಯಕರವಾಗಿತ್ತೆಂದು ಭಾವಿಸುವವರು ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್ಕಿನ ಕಥೆಯನ್ನು ತಿಳಿಯಬೇಕು. 1895ರ ನವೆಂಬರ್ 8ರಂದು ರಾಂಟ್ಜೆನ್ ಕ್ಷ-ಕಿರಣವನ್ನು ಕಂಡ ಬಳಿಕದ ದಶಕಗಳಲ್ಲಿ ಅನೇಕ ಚಿತ್ರಗಳನ್ನು ನೈಟ್ರೋಸೆಲ್ಯುಲೋಸ್ ಎಂಬ, ಕೋವಿಮದ್ದಿಗೆ ಸೋದರಸಂಬಂಧಿಯಾದ ದಹ್ಯ ಪದಾರ್ಥದ ಹಾಳೆಗಳ ಮೇಲೆ ಮೂಡಿಸುತ್ತಿದ್ದರು. 1929ರ ಮೇ 15ರಂದು ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಪೇರಿಸಿಟ್ಟಿದ್ದ ಹಳೆಯ ಎಕ್ಸ್‌ರೇ ಫಿಲ್ಮುಗಳು ಹೊತ್ತಿಕೊಂಡು, ಅವುಗಳಿಂದೆದ್ದ ವಿಷಾನಿಲವು ಮಹಡಿಗಳಿಗೆ ನುಗ್ಗಿ 123 ಮಂದಿ ಮರಣಹೊಂದಿದರು. ಸುಲಭವಾಗಿ ಹೊತ್ತಿಕೊಳ್ಳದ ಅಸಿಟೇಟ್ ಫಿಲ್ಮು ಆಗಲೇ ಬಳಕೆಗೆ ಬಂದಿತ್ತು. ಹಳೆಯದನ್ನು ಬದಲಿಸುವ ಕಾರ್ಯ ಮಾತ್ರ ಹಿಂದುಳಿದಿತ್ತು. ವೈದ್ಯಕೀಯ ಚಿತ್ರಗಳ ಸಂಗ್ರಹದಿಂದ ಸಂಭವಿಸಿದ ಅತ್ಯಂತ ಘೋರ ದುರಂತವು ಹೀಗೆ ಆಸ್ಪತ್ರೆಯ ಸ್ವಂತ ಕೋಣೆಯಲ್ಲಿಯೇ ನಡೆಯಿತು.

ಇಂದಿನ ಚಿತ್ರವು ಫಿಲ್ಮಲ್ಲ, ಅಂಕೆಗಳ ಒಂದು ಕೋಷ್ಟಕ. ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ 1971ರ ಅಕ್ಟೋಬರ್ 1ರಂದು ಗಾಡ್‌ಫ್ರೆ ಹೌನ್ಸ್‌ಫೀಲ್ಡರ ಯಂತ್ರವು ಜೀವಂತ ಮನುಷ್ಯನ ಮಿದುಳಿನ ಮೊದಲ ಸೀಟಿ ಸ್ಕ್ಯಾನ್ ಚಿತ್ರವನ್ನು ತೆಗೆಯಿತಷ್ಟೆ. ಆ ಚಿತ್ರದಲ್ಲಿದ್ದುದು 80 ಸಾಲು, 80 ಕಂಬಗಳ 6,400 ಚೌಕಗಳು ಮಾತ್ರ. ಇಲ್ಲಿ ಗಮನಿಸತಕ್ಕ ಒಂದು ಸ್ವಾರಸ್ಯವಿದೆ: ಯಂತ್ರವು ಆಸ್ಪತ್ರೆಯಲ್ಲಿತ್ತಾದರೂ ಅದು ಅಳೆದುದನ್ನು ಲೆಕ್ಕಹಾಕಿ ಚಿತ್ರವಾಗಿಸುವ ಗಣಕವು ಅಲ್ಲಿರಲಿಲ್ಲ, ಅಳತೆಗಳನ್ನು ಕಾಂತೀಯ ಟೇಪಿನಲ್ಲಿ ತುಂಬಿ ಊರಿನ ಬೇರೊಂದು ಭಾಗದಲ್ಲಿದ್ದ ಗಣಕಯಂತ್ರಕ್ಕೆ ಹೊತ್ತೊಯ್ಯಬೇಕಾಗಿತ್ತು. ರೋಗಿಯ ದತ್ತಾಂಶವು ಆಸ್ಪತ್ರೆಯ ಗಡಿ ದಾಟಿ ಹೋಗುವುದು ನಮ್ಮ ಕಾಲದ ಅಪೂರ್ವ ಸಾಹಸವೆಂದು ಕೆಲವರು ಹೆದರುವುದುಂಟು. ಸೀಟಿ ವಿದ್ಯೆಯ ಮೊದಲ ದಿನವೇ ಅದು ಗಡಿ ದಾಟಿತ್ತು.

ಈಗಿನ ಸೀಟಿ ಚಿತ್ರದ ಒಂದು ಹಲ್ಲೆಯಲ್ಲಿ, ಎಂದರೆ ದೇಹದ ಒಂದು ತೆಳು ಅಡ್ಡಸೀಳಿನ ಚಿತ್ರದಲ್ಲಿ, 512 ಸಾಲು, 512 ಕಂಬ. ಅಂದರೆ 2,62,144 ಚೌಕಗಳು. ಪ್ರತಿಯೊಂದು ಚೌಕದಲ್ಲಿ ಒಂದು ಅಂಕೆಯಿರುತ್ತದೆ. ನೀರಿಗೆ 0, ಗಾಳಿಗೆ ಋಣ 1,000, ಗಟ್ಟಿ ಎಲುಬಿಗೆ 1,000ದ ಆಸುಪಾಸು ಎಂಬ, ಹೌನ್ಸ್‌ಫೀಲ್ಡರ ಹೆಸರನ್ನೇ ಹೊತ್ತ ಮಾನದಲ್ಲಿ ಆ ಬಿಂದುವಿನ ಅಂಗಾಂಶವು ಕಿರಣವನ್ನು ಎಷ್ಟು ತಡೆಯಿತೆಂಬುದನ್ನು ಅದು ತಿಳಿಸುತ್ತದೆ. ಸಾಮಾನ್ಯವಾಗಿ 4,096 ಮೆಟ್ಟಿಲುಗಳಿರುವ ಈ ಮಾನದ ಬೂದುಬಣ್ಣಗಳನ್ನು ಮನುಷ್ಯನ ಕಣ್ಣು ಏಕಕಾಲದಲ್ಲಿ ಭೇದಿಸಲಾರದು. ಆದುದರಿಂದ ರೇಡಿಯಾಲಜಿಸ್ಟರು ಆ ವಿಸ್ತಾರದಿಂದ ತಮಗೆ ಬೇಕಾದಷ್ಟು ತುಣುಕನ್ನು ಮಾತ್ರ ಆಯ್ದು ಪರದೆಯ ಮೇಲೆ ಬಿಳಿಯಿಂದ ಕಪ್ಪಿನವರೆಗೆ ಹಿಗ್ಗಿಸಿ ನೋಡುತ್ತಾರೆ. ಮಿದುಳಿಗಾದರೆ 0ಯಿಂದ 80ರ ವರೆಗಿನ ತುಣುಕು. ಅದರೊಳಗೆ ಸ್ವಸ್ಥ ಅಂಗಾಂಶಕ್ಕೂ ಹೊಸದಾಗಿ ಸುರಿದ ರಕ್ತಕ್ಕೂ ಇರುವ ಕೆಲವೇ ಮೆಟ್ಟಿಲುಗಳ ವ್ಯತ್ಯಾಸ ಎದ್ದು ಕಾಣುತ್ತದೆ. ಶ್ವಾಸಕೋಶಕ್ಕೆ ಬೇರೊಂದು ತುಣುಕು, ಎಲುಬಿಗೆ ಮತ್ತೊಂದು. ಫಿಲ್ಮಿನ ಮೇಲೆ ಮುದ್ರಿಸಿ ಕೊಟ್ಟ ಚಿತ್ರವೆಂದರೆ ಇಂಥ ಒಂದು ಆಯ್ಕೆ ಆಗಲೇ ಮುಗಿದುಹೋದ ಚಿತ್ರ. ಮೂಲ ಕಡತವಾದರೆ ಎಲ್ಲ ಆಯ್ಕೆಗಳನ್ನೂ ಇನ್ನೂ ತನ್ನಲ್ಲಿ ಉಳಿಸಿಕೊಂಡಿರತಕ್ಕದ್ದು.

ಫಿಲ್ಮನ್ನು ಕಿಟಕಿಗೆ ಹಿಡಿದು, ಫೋನಿನಿಂದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳುಹಿಸುವ ಪದ್ಧತಿಯು ನಮ್ಮಲ್ಲಿ ಎಷ್ಟು ಬೆಳೆದಿದೆಯೆಂದರೆ, ಸಂಗ್ರಹದ ಸಮಸ್ಯೆ ಅದರಿಂದಲೇ ಪರಿಹಾರವಾಯಿತೆಂದು ತಿಳಿದವರೂ ಇದ್ದಾರೆ. ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತರು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಒದಗಿಸಿ, ಅಲ್ಲಿ ತೆಗೆದ ಇಸಿಜಿಯನ್ನು ವಾಟ್ಸಾಪಿನ ಮೂಲಕ ತರಿಸಿಕೊಂಡು ಸಲಹೆ ಕೊಡುವ ಏರ್ಪಾಡನ್ನು ಕರಾವಳಿ ಮಲೆನಾಡುಗಳಲ್ಲಿ ಹಬ್ಬಿಸಿದರು. ಅದು ಪ್ರಶಂಸನೀಯವಾದ ಕಾರ್ಯ. ಆದರೆ ಇಸಿಜಿ ಎಂಬುದು ಕಾಗದದ ಮೇಲಿನ ಒಂದು ಗೆರೆ. ಗೆರೆಯ ಆಕಾರ ಕಂಡರೆ ಅರ್ಥವೂ ಕಂಡಂತೆಯೇ. ಸೀಟಿ ಫಿಲ್ಮಿನ ಫೋಟೋದಲ್ಲಿ ಹಾಗಲ್ಲ. ಹಲ್ಲೆಗಳು ನೂರಾರಿದ್ದಲ್ಲಿ ಕೆಲವಾಗುತ್ತವೆ, ಮೆಟ್ಟಿಲುಗಳು ಸಾವಿರಾರಿದ್ದಲ್ಲಿ 256 ಆಗುತ್ತವೆ, ಅಳತೆಗೋಲು ಪೂರ್ತಿಯಾಗಿ ನಷ್ಟವಾಗುತ್ತದೆ. ತುರ್ತಿಗೆ ಅದು ಉಪಕರಿಸೀತು, ದಾಖಲೆಯಾಗಲಾರದು.

ದಾಖಲೆಯಾಗತಕ್ಕುದು ಡೈಕಾಮ್ ಎಂಬ ನಿಯತ ರೂಪದಲ್ಲಿರುವ ಕಡತ. ಮೊದಮೊದಲು ಪ್ರತಿಯೊಬ್ಬ ಯಂತ್ರತಯಾರಕನೂ ತನ್ನ ಚಿತ್ರವನ್ನು ತನಗೆ ಮಾತ್ರ ಅರ್ಥವಾಗುವ ಕ್ರಮದಲ್ಲಿ ಬರೆಯುತ್ತಿದ್ದನು; ಒಬ್ಬನ ಯಂತ್ರದ ಚಿತ್ರವನ್ನು ಇನ್ನೊಬ್ಬನ ಪರದೆಯಲ್ಲಿ ತೆರೆಯುವಂತಿರಲಿಲ್ಲ. ಅಮೆರಿಕದ ರೇಡಿಯಾಲಜಿಸ್ಟರ ಸಂಸ್ಥೆಯೂ ವಿದ್ಯುದುಪಕರಣ ತಯಾರಕರ ಸಂಘವೂ 1983ರಲ್ಲಿ ಒಂದು ಜಂಟಿ ಸಮಿತಿಯನ್ನು ನೇಮಿಸಿ, 1985ರಲ್ಲಿ ಮೊದಲ ನಿಯಮಾವಳಿಯನ್ನು ಹೊರಡಿಸಿ, 1993ರಲ್ಲಿ ಅದನ್ನು ಡೈಕಾಮ್ ಎಂಬ ಹೆಸರಿನಿಂದ ಪರಿಷ್ಕರಿಸಿದ ಮೇಲೆ ಈ ಭಾಷಾಭೇದವು ಬಹುಮಟ್ಟಿಗೆ ಅಳಿಯಿತು. ನಮ್ಮ ಕೇಂದ್ರ ಸರಕಾರದ 2016ರ ಆರೋಗ್ಯ ದಾಖಲೆಗಳ ಮಾನದಂಡವೂ ಚಿತ್ರಗಳಿಗೆ ಡೈಕಾಮನ್ನೇ ಅಂಗೀಕರಿಸಿದೆ. ರೋಗಿಯ ಹೆಸರು, ದಿನಾಂಕ, ಯಂತ್ರದ ವಿವರ, ಚೌಕದ ಅಳತೆ ಎಲ್ಲವೂ ಚಿತ್ರದೊಡನೆ ಒಂದೇ ಕಡತದಲ್ಲಿ ಹೆಣೆದುಕೊಂಡಿರುವುದು ಇದರ ಬಲ. ಕಡತವು ಪರಹಸ್ತವಾದರೆ ರೋಗಿಯ ಗುಟ್ಟೂ ಅದರೊಡನೆ ಹೋಗುವುದು ಇದರ ದೌರ್ಬಲ್ಯ.

ಇನ್ನು ಗಾತ್ರದ ಲೆಕ್ಕ. ಒಂದು ಹಲ್ಲೆಯ ಪ್ರತಿ ಚೌಕಕ್ಕೆ 2 ಬೈಟ್. ಒಟ್ಟು ಸುಮಾರು ಅರ್ಧ ಮೆಗಾಬೈಟ್. 600 ಹಲ್ಲೆಗಳ ಒಂದು ಸೀಟಿಗೆ 300 ಮೆಗಾಬೈಟ್. ಎದೆಯ ಎಕ್ಸ್‌ರೇಯೊಂದಕ್ಕೆ 50 ಲಕ್ಷ ಚೌಕಗಳೆಂದು ಹಿಡಿದರೆ 10 ಮೆಗಾಬೈಟ್. ಕಾರ್ಕಳದಂಥ ಪಟ್ಟಣದ ಒಂದು ಆಸ್ಪತ್ರೆಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ದಿನಕ್ಕೆ 15 ಸೀಟಿ, ಎರಡೆರಡು ಚಿತ್ರಗಳ 60 ಎಕ್ಸ್‌ರೇ, ತಲಾ 200 ಮೆಗಾಬೈಟಿನ 5 ಎಂಆರ್‌ಐ ನಡೆಯುತ್ತವೆಂದು ಇಟ್ಟುಕೊಂಡರೆ, ದಿನದ ಮೊತ್ತ 6.7 ಗಿಗಾಬೈಟ್, ವರ್ಷಕ್ಕೆ ಸುಮಾರು 2.4 ಟೆರಾಬೈಟ್, ಹತ್ತು ವರ್ಷಕ್ಕೆ 24 ಟೆರಾಬೈಟ್. ಇಂದು ಮಾರುಕಟ್ಟೆಯಲ್ಲಿ ಅಂಗೈಯಗಲದ ಒಂದೇ ಹಾರ್ಡ್ ಡಿಸ್ಕು ಅಷ್ಟನ್ನೂ ನುಂಗುತ್ತದೆ! ಹತ್ತು ವರ್ಷಗಳ ಕಾಲ ಒಂದು ತಾಲೂಕಿನ ಜನರ ಎಲುಬು, ಪುಪ್ಪುಸ, ಮಿದುಳುಗಳ ನೆರಳೆಲ್ಲವೂ ಒಂದು ಚೀಲದಲ್ಲಿ ಹಿಡಿಯುವಾಗ ಜಾಗದ ಪ್ರಶ್ನೆಯೇ ಏಳದು. ಏಳುವುದು ಕಾವಲಿನ ಪ್ರಶ್ನೆ.

ಹಾರ್ಡ್ ಡಿಸ್ಕುಗಳು ಕೆಡುತ್ತವೆ; ನೂರು ಡಿಸ್ಕುಗಳಿದ್ದಲ್ಲಿ ವರ್ಷಕ್ಕೆ ಒಂದೋ ಎರಡೋ ಕೆಡುವುದು ಸಾಧಾರಣ ಅನುಭವ. ಆದುದರಿಂದ ಸರ್ವರುಗಳಲ್ಲಿ ರೇಯ್ಡ್ ಎಂಬ ಯುಕ್ತಿಯನ್ನು ಬಳಸುತ್ತಾರೆ. 1988ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯ ಮೂವರು ವಿದ್ವಾಂಸರು ಇದಕ್ಕೆ ಶಾಸ್ತ್ರೀಯ ರೂಪವನ್ನು ಕೊಟ್ಟರು. ಅದರ ಮರ್ಮವು ಪ್ರಾಥಮಿಕ ಶಾಲೆಯ ಗಣಿತವೇ: ಒಂದು ಡಿಸ್ಕಿನಲ್ಲಿ 7, ಇನ್ನೊಂದರಲ್ಲಿ 5 ಎಂದು ಬರೆದು, ಮೂರನೆಯದರಲ್ಲಿ ಅವುಗಳ ಮೊತ್ತವಾದ 12ನ್ನು ಬರೆದಿಟ್ಟರೆ, ಮೂರರಲ್ಲಿ ಯಾವುದೊಂದು ಸುಟ್ಟುಹೋದರೂ ಉಳಿದೆರಡರಿಂದ ಅದನ್ನು ಮರಳಿ ಪಡೆಯಬಹುದು. ಆದರೆ ಈ ಯುಕ್ತಿಯು ರಕ್ಷಿಸುವುದು ಡಿಸ್ಕಿನ ಸಾವಿನಿಂದ ಮಾತ್ರ. ಡಿಸ್ಕುಗಳೆಲ್ಲವೂ ಕುಳಿತಿರುವ ಪೆಟ್ಟಿಗೆಗೆ ಬರುವ ಆಪತ್ತಿನಿಂದ ರಕ್ಷಿಸದು. ನಮ್ಮ ಕರಾವಳಿಯಲ್ಲಿ ಪೆಟ್ಟಿಗೆಗೆ ಬರುವ ಆಪತ್ತುಗಳಿಗೆ ಬರವಿಲ್ಲ. ಮುಂಗಾರಿಗೆ ಮುನ್ನ ಮತ್ತು ಹಿಂಗಾರಿನಲ್ಲಿ ಎರಗುವ ಸಿಡಿಲು ತಂತಿಗಳ ಗುಂಟ ಒಳನುಗ್ಗಿ ಸರ್ವರಿನ ಜತೆಗೆ ಯುಪಿಎಸ್ಸನ್ನೂ ಸುಡುತ್ತದೆ. ಕಾಪುವಿನಂಥ ಕಡಲತಡಿಯಲ್ಲಿ ಉಪ್ಪುಗಾಳಿಯು ಸಂಪರ್ಕಬಿಂದುಗಳನ್ನು ಮೆಲ್ಲಮೆಲ್ಲನೆ ತುಕ್ಕುಹಿಡಿಸುತ್ತದೆ. (ಪಕ್ಕದ ಎಲ್ಲೂರಿನಲ್ಲಿ 1,200 ಮೆಗಾವಾಟಿನ ವಿದ್ಯುತ್ ಸ್ಥಾವರವಿದ್ದ ಮಾತ್ರಕ್ಕೆ ಕಾಪುವಿನ ಕ್ಲಿನಿಕ್ಕಿನಲ್ಲಿ ಕರೆಂಟು ಹೋಗಬಾರದೆಂಬ ನಿಯಮವೇನೂ ಇಲ್ಲ.) 2020ರ ಸೆಪ್ಟೆಂಬರ್ 20ರ ಮಹಾಮಳೆಯಲ್ಲಿ ಉಡುಪಿ ಪಟ್ಟಣದ ತಗ್ಗು ಪ್ರದೇಶಗಳು ಒಂದೇ ರಾತ್ರಿಯಲ್ಲಿ ಜಲಾವೃತವಾದುವು, ನೆಲಮಾಳಿಗೆಯಲ್ಲಿಯೋ ನೆಲಮಹಡಿಯಲ್ಲಿಯೋ ಸರ್ವರನ್ನು ಇಟ್ಟಿರತಕ್ಕ ಯಾವ ಸಂಸ್ಥೆಗೂ ಆ ರಾತ್ರಿಯ ನೆನಪು ಪಾಠವಾಗಬೇಕು. ಗುಡ್ಡದ ಮೇಲಿನ ಮಣಿಪಾಲಕ್ಕೆ ಈ ವಿಷಯದಲ್ಲಿ ಭೂಗೋಳದ ಕೃಪೆಯಿದೆ. ಸಿಡಿಲಿನ ವಿಷಯದಲ್ಲಿ ಅದಿಲ್ಲ.

ನೀರು ಬೆಂಕಿಗಳಿಗಿಂತ ಈಗ ಹೆಚ್ಚು ಭಯಂಕರವಾಗಿರುವ ಆಪತ್ತು ಮನುಷ್ಯಕೃತವಾದುದು. ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ 2022ರ ನವೆಂಬರ್ 23ರಂದು ದುಷ್ಕರ್ಮಿಗಳು ಹೊರಗಿನಿಂದ ನುಗ್ಗಿ ಕಡತಗಳಿಗೆ ಗೂಢಲಿಪಿಯ ಬೀಗ ಜಡಿದಾಗ, ದೇಶದ ಅಗ್ರಗಣ್ಯ ಆಸ್ಪತ್ರೆಯು ಸುಮಾರು ಎರಡು ವಾರ ಕಾಗದ ಪೆನ್ನುಗಳಿಂದ ಕೆಲಸ ನಡೆಸಬೇಕಾಯಿತು. ಬ್ರಿಟನ್ನಿನ ಆರೋಗ್ಯ ಸೇವೆಗೆ 2017ರ ಮೇ ತಿಂಗಳಲ್ಲಿ ಇಂಥದೇ ಪೆಟ್ಟು ಬಿದ್ದಿತ್ತು. ಸ್ವಂತ ಸರ್ವರನ್ನು ಇಟ್ಟುಕೊಂಡವನು ಅದರ ಬಾಗಿಲಿಗೆ ಹಗಲಿರುಳು ಕಾವಲುಗಾರನನ್ನೂ ಇಟ್ಟುಕೊಳ್ಳಬೇಕು. ಮಣಿಪಾಲದಂಥ ಸಂಸ್ಥೆಗೆ ಅದು ಶಕ್ಯ, ಒಬ್ಬ ವೈದ್ಯ, ಒಬ್ಬ ತಂತ್ರಜ್ಞ, ಒಬ್ಬ ರಿಸೆಪ್ಷನಿಸ್ಟ್ ಇರುವ ಕ್ಲಿನಿಕ್ಕಿಗೆ ಅಶಕ್ಯ.

ಹಾಗಾದರೆ ಕ್ಲೌಡ್ ಎಂದರೇನು? ಅದೂ ಒಂದು ಕಟ್ಟಡವೇ, ಬೇರೆಯವರ ಕಟ್ಟಡ. ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಪುಣೆ, ಮುಂಬಯಿ, ಚೆನ್ನೈಗಳಲ್ಲಿ, ಅಮೆಜಾನ್ 2016ರಲ್ಲಿ ಮುಂಬಯಿಯಲ್ಲಿ ಮತ್ತು 2022ರಲ್ಲಿ ಹೈದರಾಬಾದಿನಲ್ಲಿ ಇಂಥ ಕೇಂದ್ರಗಳನ್ನು ತೆರೆದ ಮೇಲೆ ನಮ್ಮ ಚಿತ್ರಗಳು ಸಮುದ್ರ ದಾಟುವ ಪ್ರಮೇಯವು ತಪ್ಪಿತು. ಮೇಲೆ ಹೇಳಿದ 7, 5, 12ರ ಲೆಕ್ಕವನ್ನೇ ಇನ್ನಷ್ಟು ವಿಸ್ತರಿಸಿ, ಒಂದು ಕಡತದ ಹೋಳುಗಳನ್ನು ಪರಸ್ಪರ ದೂರವಿರುವ ಹಲವು ಕಟ್ಟಡಗಳಿಗೆ ಹಂಚಿಟ್ಟು, ಒಂದು ಕಟ್ಟಡವೇ ಹೋದರೂ ಕಡತವು ಉಳಿಯುವಂತೆ ಮಾಡುವುದು ಅಲ್ಲಿನ ಪದ್ಧತಿ. ಅಮೆಜಾನಿನ ಎಸ್-3 ಸಂಗ್ರಹವು ವರ್ಷಕ್ಕೆ ನೂರಕ್ಕೆ 99.999999999ರಷ್ಟು ಬಾಳಿಕೆಗೆ ತಕ್ಕಂತೆ ರಚಿತವಾಗಿದೆಯೆಂದು ಆ ಸಂಸ್ಥೆ ಹೇಳುತ್ತದೆ. ಈ ಹನ್ನೊಂದು ಒಂಬತ್ತುಗಳಲ್ಲಿ ಕದ್ದ ಪಾಸ್‌ವರ್ಡಾಗಲಿ, ಕಟ್ಟದೆ ಉಳಿದ ಬಿಲ್ಲಾಗಲಿ ಸೇರಿಲ್ಲವೆಂಬುದನ್ನು ಓದುಗರು ತಾವೇ ಸೇರಿಸಿಕೊಳ್ಳಬೇಕು. ಕಡಿಮೆ ದರದ ಸೇವೆಗಳಲ್ಲಿ ಕಟ್ಟಡಗಳ ನಡುವಿನ ಈ ಹಂಚಿಕೆಯೂ ಇರುವುದೆಂಬ ಭರವಸೆಯಿಲ್ಲ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ 2021ರ ಮಾರ್ಚ್ 10ರಂದು ಓವಿಎಚ್ ಸಂಸ್ಥೆಯ ಒಂದು ಕೇಂದ್ರವು ಬೆಂಕಿಗೆ ಆಹುತಿಯಾದಾಗ, ಮೂಲವನ್ನೂ ಬ್ಯಾಕಪ್ಪನ್ನೂ ಅಲ್ಲಿಯೇ ಇಟ್ಟಿದ್ದ ಗ್ರಾಹಕರು ಎರಡನ್ನೂ ಒಟ್ಟಿಗೆ ಕಳೆದುಕೊಂಡರು.

ಕ್ಲೌಡನ್ನು ಬ್ಯಾಂಕಿಗೆ ಹೋಲಿಸುವುದು ವಾಡಿಕೆ. ಉಡುಪಿಯಲ್ಲಂತೂ ಆ ಹೋಲಿಕೆ ನಾಲಗೆಯ ತುದಿಯಲ್ಲಿಯೇ ಇರುತ್ತದೆ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕನ್ನೂ, 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಟಿ.ಎಂ.ಎ. ಪೈಗಳು ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯನ್ನೂ ಹುಟ್ಟುಹಾಕಿದ ಊರಿದು. 1928ರಿಂದ ಪಿಗ್ಮಿ ಏಜೆಂಟರು ಮನೆಬಾಗಿಲಿಗೆ ಬಂದು ಚಿಲ್ಲರೆ ಕಾಸನ್ನು ಕೂಡಿಸಿಕೊಂಡು ಹೋಗುತ್ತಿದ್ದರು, ಮಡಕೆಯಲ್ಲಿ ಹೂತಿಟ್ಟ ಹಣವು ಹೀಗೆ ಪರರ ತಿಜೋರಿಯನ್ನು ಸೇರಿ ಹೆಚ್ಚು ಭದ್ರವಾಯಿತು. ಬ್ಯಾಂಕನ್ನು ಕಟ್ಟಿದವರ ಕೈಯೇ ವೈದ್ಯಕೀಯ ಕಾಲೇಜನ್ನೂ ಕಟ್ಟಿದ ಕಾರಣ ಹೋಲಿಕೆಗೆ ಒಂದು ಸ್ಥಳಗೌರವವೂ ಇದೆ. ಆದರೆ ಅದು ಅರ್ಧದಾರಿಗೆ ಮಾತ್ರ ಬರುತ್ತದೆ. ಬ್ಯಾಂಕು ನಾವು ಕೊಟ್ಟ ನೋಟನ್ನೇ ಹಿಂದಿರುಗಿಸಬೇಕಾಗಿಲ್ಲ, ಅದೇ ಬೆಲೆಯ ಯಾವ ನೋಟಾದರೂ ಸಾಕು. ಚಿತ್ರದಲ್ಲಿ ಒಂದು ಬಿಟ್ ವ್ಯತ್ಯಾಸವಾದರೂ ಅದು ಬೇರೆಯ ಚಿತ್ರ. ಬ್ಯಾಂಕು ನಮ್ಮ ಹಣವನ್ನು ಪರರಿಗೆ ಸಾಲವಿತ್ತು ಬಡ್ಡಿ ಗಳಿಸಿ ನಮಗೂ ಪಾಲು ಕೊಡುತ್ತದೆ. ಕ್ಲೌಡಿನಲ್ಲಿ ಬಡ್ಡಿ ಕಟ್ಟುವವರು ನಾವೇ, ಪರರು ಅದನ್ನು ಮುಟ್ಟಲೂ ಕೂಡದು. ಹಿಂದಕ್ಕೆ ಪಡೆಯುವ ಒಂದೊಂದು ರೂಪಾಯಿಗೂ ಉಳಿತಾಯ ಖಾತೆಯು ಶುಲ್ಕ ಕೇಳುವುದಿಲ್ಲ. ಅನೇಕ ಕ್ಲೌಡ್ ಸಂಸ್ಥೆಗಳು ಒಳಗೆ ಬರುವ ದತ್ತಾಂಶಕ್ಕೆ ಬಿಡಿಗಾಸನ್ನೂ ಕೇಳದೆ, ಹೊರಹೋಗುವ ಒಂದೊಂದು ಗಿಗಾಬೈಟಿಗೂ ಸುಂಕ ಹಾಕುತ್ತವೆ.

ಸುಂಕಕ್ಕಿಂತಲೂ ಗಂಭೀರವಾದುದು ಹೊಳೆಯ ಅಗಲ. ನಮ್ಮ ಕಲ್ಪಿತ ಕಾರ್ಕಳದ ಆಸ್ಪತ್ರೆಯು ಒಂದು ದಿನದ 6.7 ಗಿಗಾಬೈಟನ್ನು ಸೆಕೆಂಡಿಗೆ 100 ಮೆಗಾಬಿಟ್ ವೇಗದ ತಂತಿಯಲ್ಲಿ ಮೇಲಕ್ಕೆ ಕಳುಹಿಸಲು 9 ನಿಮಿಷ ಸಾಕು. ರಾತ್ರಿಯ ನಿದ್ದೆಯೊಳಗೆ ಮುಗಿಯುವ ಕೆಲಸ. ಆದರೆ ಹತ್ತು ವರ್ಷಗಳ ಬಳಿಕ ಒಪ್ಪಂದವು ಮುರಿದೋ, ಸಂಸ್ಥೆಯು ಮುಚ್ಚಿಯೋ, ಶೇಖರವಾದ 24 ಟೆರಾಬೈಟನ್ನು ಅದೇ ತಂತಿಯಲ್ಲಿ ಇಳಿಸಬೇಕಾಗಿ ಬಂದರೆ ಹಗಲೂ ರಾತ್ರಿ ತಡೆಯಿಲ್ಲದೆ ಹರಿದರೂ 22 ದಿನ ಬೇಕಾಗುತ್ತದೆ. ಹನಿಹನಿಯಾಗಿ ಹೋದುದು ಪ್ರವಾಹವಾಗಿ ಮರಳಬೇಕು. ಅಗ್ಗದ ದರದ, ವಿರಳ ಬಳಕೆಯ ಸಂಗ್ರಹಗಳಲ್ಲಿಯಂತೂ ಕೇಳಿದ ಕಡತವು ಕೈಸೇರಲು 12 ಗಂಟೆ ಕಾಯಬೇಕಾಗುವುದೂ ಉಂಟು. ಕ್ಲೌಡಿಗೆ ಸೇರುವವರು ಮಾಸಿಕ ಬಾಡಿಗೆಯನ್ನು ಕುರಿತು ಗಂಟೆಗಟ್ಟಲೆ ಚೌಕಾಸಿ ಮಾಡುತ್ತಾರೆ. ಹೊರಬರುವ ದಾರಿಯನ್ನು ಕುರಿತು ಒಂದು ಸಾಲನ್ನೂ ಒಪ್ಪಂದದಲ್ಲಿ ಬರೆಯಿಸುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ವ್ಯವಹಾರದಲ್ಲಿ ಅತ್ಯಂತ ಬೆಲೆಬಾಳುವ ಸಾಲು ಅದೇ.

ತಂತಿಯ ದೂರವು ಬಾಧಕವೆಂಬ ಭಾವನೆ ಮಾತ್ರ ನಿರಾಧಾರ. ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ ಉಡುಪಿಯಿಂದ ಮುಂಬಯಿಗೆ ತಂತಿದಾರಿ ಸಾವಿರ ಕಿಲೋಮೀಟರೆಂದೇ ಹಿಡಿದರೂ ತಗಲುವುದು ಸೆಕೆಂಡಿನ 200ನೆಯ ಒಂದು ಭಾಗ. ಬಾಧೆ ಕೊಡುವುದು ಹೆದ್ದಾರಿ ಅಗಲಗೊಳಿಸುವ ಜೆಸಿಬಿ. ಅದರ ಹಲ್ಲು ಕೇಬಲ್ಲನ್ನು ಕಿತ್ತ ಮಧ್ಯಾಹ್ನ, ಚಿತ್ರಗಳನ್ನೆಲ್ಲ ಕ್ಲೌಡಿನಲ್ಲಿ ಮಾತ್ರ ಇಟ್ಟಿರುವ ಆಸ್ಪತ್ರೆಗೆ ಪಾರ್ಶ್ವವಾಯುವಿನ ರೋಗಿಯೊಬ್ಬನು ಬಂದನೆಂದು ಭಾವಿಸಿರಿ. ಮಿದುಳಿನ ಮುಖ್ಯ ರಕ್ತನಾಳವು ಕಟ್ಟಿದಾಗ ನಿಮಿಷವೊಂದಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ಅಂದಾಜು. ಹೆಪ್ಪು ಕರಗಿಸುವ ಮದ್ದನ್ನು ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಅವಧಿ ಮಾತ್ರ ಇದೆ, ಕೊಡುವ ಮುನ್ನ ರಕ್ತಸ್ರಾವವಿಲ್ಲವೆಂದು ಸೀಟಿಯಲ್ಲಿ ಖಚಿತವಾಗಲೇಬೇಕು. ಯಂತ್ರದ ಪಕ್ಕದ ಪರದೆಯಲ್ಲಿ ಆಗ ತಾನೇ ತೆಗೆದ ಚಿತ್ರವನ್ನು ನೋಡಬಹುದಾದರೂ, ಅದರ ಮುಂದೆ ತಜ್ಞನಿರಬೇಕು. ತಜ್ಞನು ಮಣಿಪಾಲದಲ್ಲಿದ್ದು ಚಿತ್ರವು ಕಾರ್ಕಳದಲ್ಲಿದ್ದರೆ ತಂತಿಯೇ ಗತಿ. 300 ಮೆಗಾಬೈಟ್ ಸಾಗಲು ಒಳ್ಳೆಯ ತಂತಿಯಲ್ಲಿ 24 ಸೆಕೆಂಡು, ಸೆಕೆಂಡಿಗೆ 10 ಮೆಗಾಬಿಟ್ಟಿನ ತಂತಿಯಲ್ಲಿ 4 ನಿಮಿಷ. ಎರಡು ಬೇರೆ ಬೇರೆ ಕಂಪೆನಿಗಳಿಂದ, ಸಾಧ್ಯವಾದರೆ ಬೇರೆ ಬೇರೆ ರಸ್ತೆಗಳ ಗುಂಟ ಬರುವ ಎರಡು ತಂತಿಗಳಿಗೆ ತೆರುವ ಹಣವು, ಸಂಗ್ರಹಕ್ಕೆ ತೆರುವ ಹಣಕ್ಕಿಂತ ಹೆಚ್ಚು ಪ್ರಾಣಗಳನ್ನು ಉಳಿಸೀತು.

ಕಾನೂನಿನ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಯ್ದಿಡತಕ್ಕದ್ದು. ವ್ಯಾಜ್ಯದಲ್ಲಿರುವ ಪ್ರಕರಣಗಳ ದಾಖಲೆಗಳನ್ನು ವ್ಯಾಜ್ಯವು ಮುಗಿಯುವ ತನಕ ಕಾಯ್ದಿಡುವುದು ವಿವೇಕ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ದತ್ತಾಂಶವನ್ನು ಮತ್ತೊಬ್ಬರ ಕೈಯಲ್ಲಿ ಇರಿಸಿದರೂ ಹೊಣೆಯು ಇರಿಸಿದವನದೇ ಎಂದು ಸ್ಪಷ್ಟಪಡಿಸಿದೆ. ಚಿತ್ರವು ಕ್ಲೌಡಿನಿಂದ ಸೋರಿದರೆ ರೋಗಿಯು ಆಸ್ಪತ್ರೆಯನ್ನೇ ಕೇಳುತ್ತಾನೆ, ಕೇಳುವುದು ನ್ಯಾಯವೂ ಹೌದು. ಗೂಢಲಿಪಿಯ ಕೀಲಿಯನ್ನು ಆಸ್ಪತ್ರೆಯು ತನ್ನಲ್ಲಿಯೇ ಇಟ್ಟುಕೊಂಡು ಕಡತವನ್ನು ಮಾತ್ರ ದೂರಕ್ಕೆ ಕಳುಹಿಸಿದರೆ ಈ ಭಯವು ಬಹಳ ಮಟ್ಟಿಗೆ ತಗ್ಗುತ್ತದೆ. ಕೀಲಿಯನ್ನೇ ಕಳೆದುಕೊಳ್ಳುವ ಹೊಸ ಭಯವೊಂದು ಅದರ ಸ್ಥಾನಕ್ಕೆ ಬರುತ್ತದೆಂಬುದು ಬೇರೆ ಮಾತು.

ಕಾರ್ಕಳಕ್ಕೆ ಸಮೀಪದ ಮೂಡುಬಿದಿರೆಯಲ್ಲಿ, ಸಂಗ್ರಹದ ಈ ಸಮಸ್ಯೆಯು ವಿದ್ಯುತ್ತೇ ಇಲ್ಲದ ಕಾಲದಲ್ಲಿ ಒಮ್ಮೆ ಪೂರ್ಣವಾಗಿ ಅಭಿನೀತವಾಗಿದೆ. ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ‘ಧವಲಾ’ ಎಂಬ ಜೈನ ಸಿದ್ಧಾಂತ ಟೀಕೆಯೂ ಅದರ ಸಂಗಡದ ‘ಜಯಧವಲಾ’, ‘ಮಹಾಬಂಧ’ಗಳೂ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ, ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದುಬಂದಿದ್ದುವು. ಭಕ್ತರಿಗೆ ಅವುಗಳ ದರ್ಶನ ದೊರೆಯುತ್ತಿತ್ತು, ಓದು ದೊರೆಯುತ್ತಿರಲಿಲ್ಲ. ಸ್ಥಳದಲ್ಲಿಯೇ, ಪರಮ ಶ್ರದ್ಧೆಯಿಂದ, ಅನ್ಯರ ಕೈಗೆ ಸಿಗದಂತೆ ಕಾಯ್ದ ಈ ಸಂಗ್ರಹಕ್ಕಿಂತ ಭದ್ರವಾದುದನ್ನು ಊಹಿಸುವುದು ಕಷ್ಟ. ಆದರೂ ಗರಿಗಳು ಜೀರ್ಣವಾದುವು, ಮಹಾಬಂಧದ ಕೆಲವು ಭಾಗಗಳು ಶಾಶ್ವತವಾಗಿ ಹೋದುವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾದ ನಕಲು ಕಾರ್ಯದಿಂದ ಪ್ರತಿಗಳು ಹೊರಬಿದ್ದು, 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಗ್ರಂಥವು ಅಚ್ಚಾಗತೊಡಗಿದ ಮೇಲೆಯೇ ಅದಕ್ಕೆ ಅಳಿವಿಲ್ಲದಂತಾದುದು. ಛಾಯಾಗ್ರಾಹಕ ಪೀಟರ್ ಕ್ರೋಗ್ ಎಂಬವರು ನಮ್ಮ ಕಾಲದಲ್ಲಿ ಪ್ರಚಾರಕ್ಕೆ ತಂದ 3-2-1 ಎಂಬ ಸೂತ್ರವು ಹೇಳುವುದೂ ಇದನ್ನೇ: ಪ್ರತಿಗಳು ಮೂರಿರಲಿ, ಎರಡು ಬಗೆಯ ಮಾಧ್ಯಮಗಳಲ್ಲಿರಲಿ, ಒಂದಾದರೂ ಬೇರೆಡೆಯಲ್ಲಿರಲಿ.

ಇಷ್ಟನ್ನು ಅರಿತವನಿಗೆ ಇಲ್ಲಿಯೋ ಅಲ್ಲಿಯೋ ಎಂಬ ಪ್ರಶ್ನೆಯು ಚಿತ್ರದ ವಯಸ್ಸಿನ ಪ್ರಶ್ನೆಯಾಗಿ ಮಾರ್ಪಡುತ್ತದೆ. ಚಿತ್ರವು ಹುಟ್ಟಿದ ಮೊದಲ ಕೆಲವು ದಿನ, ಕೆಲವು ವಾರ, ಅದನ್ನು ಪದೇ ಪದೇ, ಒಡನೆಯೇ ತೆರೆಯಬೇಕಾಗುತ್ತದೆ. ಆಗ ಅದು ವೈದ್ಯನ ಪಕ್ಕದಲ್ಲಿರಬೇಕು. ವರ್ಷಗಳು ಕಳೆದಂತೆ ಅದನ್ನು ಕೇಳುವವರು ವಿರಳರಾಗುತ್ತಾರೆ, ಕೇಳಿದಾಗ ಮಾತ್ರ ಅದು ಇರಲೇಬೇಕು. ಆಗ ಅದು ದೂರದಲ್ಲಿದ್ದರೂ ಚಿಂತೆಯಿಲ್ಲ, ದೂರದಲ್ಲಿದ್ದರೇ ಲೇಸು. ಎಕ್ಸ್‌ರೇ ಮತ್ತು ಅಲ್ಟ್ರಾಸೌಂಡ್ ಮಾತ್ರವಿರುವ ಕಾಪುವಿನ ಕ್ಲಿನಿಕ್ಕಿಗೆ ನಾನು ಕ್ಲೌಡನ್ನೇ ಹೇಳುವೆನು, ಜತೆಗೆ ಕೆಲವು ತಿಂಗಳ ಚಿತ್ರಗಳಿಗೆ ಮೇಜಿನಡಿಯ ಒಂದು ಪುಟ್ಟ ಪೆಟ್ಟಿಗೆ; ಅಲ್ಲಿ ಸರ್ವರನ್ನು ಸಾಕಲು ಹೊರಡುವುದು ವ್ಯರ್ಥ ಸಾಹಸ. ಕಾರ್ಕಳದ ಆಸ್ಪತ್ರೆಗೆ ಎರಡು ಮೂರು ವರ್ಷಗಳ ಚಿತ್ರಗಳು ಸ್ವಂತ ಸರ್ವರಿನಲ್ಲಿ, ಎಲ್ಲ ವರ್ಷಗಳವೂ ಕ್ಲೌಡಿನಲ್ಲಿ, ನಡುವೆ ಎರಡು ತಂತಿಗಳು. ಮಣಿಪಾಲದ ಗಾತ್ರದ ಸಂಸ್ಥೆಗೆ ಇಂಜಿನಿಯರುಗಳ ಬಲವಿದೆ, ವಿದ್ಯಾರ್ಥಿಗಳ ಅಧ್ಯಯನಕ್ಕೂ ಸಂಶೋಧನೆಗೂ ಹಳೆಯ ಚಿತ್ರಗಳು ದಿನವೂ ಬೇಕಾಗುತ್ತವೆ, ಹೊರಹರಿವಿನ ಸುಂಕವು ಅಲ್ಲಿ ದೊಡ್ಡ ಮೊತ್ತವಾದೀತು. ಅಂಥಲ್ಲಿ ಮೂಲಸಂಗ್ರಹವು ಸ್ವಂತದ್ದೇ ಆಗಿ, ಗುಡ್ಡದಿಂದ ಬಹುದೂರದಲ್ಲಿ, ಒಳನುಗ್ಗಿದವನೂ ಅಳಿಸಲಾಗದಂತೆ ಬೀಗ ಹಾಕಿದ ಇನ್ನೊಂದು ಪ್ರತಿ ಇರುವುದು ಯುಕ್ತ. ಯಾವ ಗಾತ್ರದವರೇ ಆಗಲಿ, ಬ್ಯಾಕಪ್ಪಿನಿಂದ ಒಂದು ಹಳೆಯ ಸೀಟಿಯನ್ನು ಆಗಾಗ ತೆರೆದು ನೋಡದಿದ್ದರೆ ಬ್ಯಾಕಪ್ಪು ಇದೆಯೆಂದು ಹೇಳಿಕೊಳ್ಳುವ ಅಧಿಕಾರವು ಅವರಿಗಿಲ್ಲ.

ಓದುಗರಲ್ಲಿ ಬಹುಮಂದಿ ಆಸ್ಪತ್ರೆಗಳ ಒಡೆಯರಲ್ಲ, ರೋಗಿಗಳು ಅಥವಾ ರೋಗಿಗಳ ಮನೆಯವರು. ಅವರು ಮಾಡಬಹುದಾದುದು ಇಷ್ಟು: ಮುಂದಿನ ಸಲ ಸ್ಕ್ಯಾನಿಂಗ್ ಆದಾಗ ಫಿಲ್ಮು ಮತ್ತು ರಿಪೋರ್ಟಿನೊಡನೆ ಡೈಕಾಮ್ ಕಡತಗಳನ್ನೂ ಪೆನ್‌ಡ್ರೈವಿನಲ್ಲಿಯೋ ಸೀಡಿಯಲ್ಲಿಯೋ ಕೇಳಿ ಪಡೆಯಿರಿ, ಮನೆಗೆ ಬಂದು ಇನ್ನೊಂದು ಕಡೆಗೂ ನಕಲು ಮಾಡಿರಿ. ಕೊಡಲು ಹಿಂದೆಗೆಯುವವರಿಗೆ 2002ರ ಅದೇ ನಿಯಮಾವಳಿಯನ್ನು ನೆನಪಿಸಿರಿ. ರೋಗಿಯು ಕೇಳಿದ ದಾಖಲೆಯನ್ನು 72 ಗಂಟೆಗಳೊಳಗೆ ಕೊಡತಕ್ಕದ್ದೆಂದು ಅದು ವಿಧಿಸುತ್ತದೆ.